ಲಂಡನ್ನಿನಲ್ಲಿ ಮೂರು ದಿನ, ದೆಹಲಿಯಲ್ಲಿ ಮೂವತ್ತು ವರ್ಷ

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನನಗೆ ಕೊಟ್ಟ ವಿಷಯ ‘ಲಂಡನ್ ಪ್ರವಾಸದ ಅನುಭವ’. ಅಧ್ಯಕ್ಷರು ದೂರವಾಣಿಯಲ್ಲಿ ಮಾತನಾಡುವಾಗ, “ಫೋಟೋಗಳಿದ್ದರೆ ಅವನ್ನೂ ತೋರಿಸಿ” ಎಂದಿದ್ದರು. ಫೋಟೋಗಳು ಬೇಕಾದಷ್ಟಿವೆ. ಆದರೆ ಬಹುತೇಕ ಎಲ್ಲದರಲ್ಲೂ ನಾನು ಮತ್ತು ನನ್ನ ಪತ್ನಿ ಮುಂದೆ ನಿಂತಿದ್ದೇವೆ, ಲಂಡನ್ ಹಿಂದೆ ನಿಂತಿದೆ. ನಾವಿಬ್ಬರೂ ಸ್ವಲ್ಪ ಸ್ಥೂಲಕಾಯರಾದ್ದರಿಂದ ಲಂಡನ್ ಅಷ್ಟಾಗಿ ಕಾಣುವುದಿಲ್ಲ. ಆದ್ದರಿಂದ ಅವನ್ನು ತಂದಿಲ್ಲ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ವನ್ನೂ ಗೋಕಾಕರ ‘ಸಮುದ್ರದಾಚೆಯಿಂದ’ವನ್ನೂ ಓದಿದ ಸಭೆಯ ಮುಂದೆ, ನಲವತ್ತನಾಲ್ಕು ಜನರ ಗುಂಪಿನಲ್ಲಿ ಕುರಿಯಂತೆ ಹೋಗಿಬಂದ ನನ್ನಂಥವನು ಪ್ರವಾಸ ಕಥನವೆಂಬ ದೊಡ್ಡ ಹೆಸರಿನಲ್ಲಿ ಮಾತನಾಡುವುದು ಉದ್ಧಟತನವಾದೀತು. ಅಲ್ಲಿ ನೋಡಿದ್ದಕ್ಕಿಂತ, ನೋಡಲೆಂದು ಗುಂಪು ಬಿಟ್ಟು ಹೋದದ್ದನ್ನೂ, ಹಿಂದಿರುಗಿದ ಮೇಲೆ ನಮ್ಮ ಈ ದೆಹಲಿಯ ಬಗ್ಗೆ ನನಗೆ ಹತ್ತಿದ ನಾಚಿಕೆಯನ್ನೂ ನಿವೇದಿಸಿಕೊಳ್ಳುತ್ತೇನೆ.

2023ರ ಜೂನ್ ತಿಂಗಳು. ಮಕ್ಕಳು ತಮ್ಮ ಕಾಲಮೇಲೆ ನಿಂತ ಸಂತೋಷಕ್ಕೆ ನಮ್ಮಿಬ್ಬರನ್ನು ಯೂರೋಪಿಗೆ ಕಳುಹಿಸಿದರು. ಸರ್ಕಾರಿ ನೌಕರನಿಗೆ ಸ್ವಂತ ಹಣದಲ್ಲಿ ಹೋಗಲೂ ಇಲಾಖೆಯ ಅನುಮತಿ ಬೇಕೆಂಬುದು ತಮಗೆಲ್ಲ ತಿಳಿದ ವಿಷಯ. ಎಲ್‌ಟಿಸಿಯ ಔದಾರ್ಯ ದೇಶದ ಗಡಿಯಲ್ಲಿಯೇ ನಿಲ್ಲುತ್ತದೆ. ಕಡತ ನಾಲ್ಕು ಮೇಜುಗಳನ್ನು ಸುತ್ತಿ ಹೊರಡುವ ಐದು ದಿನ ಮುಂಚೆ ಕೈಸೇರಿತು. ಹನ್ನೆರಡು ದಿನಗಳಲ್ಲಿ ಆರು ದೇಶ. ಮೊದಲ ಮೂರು ದಿನ ಲಂಡನ್. ಗುಂಪಿನಲ್ಲಿ ಕನ್ನಡಿಗರು ಏಳು ಮಂದಿ: ನಾವಿಬ್ಬರು, ನೋಯ್ಡಾದಲ್ಲಿ ನೆಲೆಸಿರುವ ಕೊಡಗಿನ ನಿವೃತ್ತ ಸೇನಾಧಿಕಾರಿ ಮತ್ತು ಅವರ ಪತ್ನಿ, ಧಾರವಾಡದ ಕಡೆಯ ಯುವ ದಂಪತಿಗಳು, ಹಾಗೂ ಪಾಂಡವಪುರದ ಒಬ್ಬ ಮೇಷ್ಟ್ರು. ಇವರು ಹೈಸ್ಕೂಲಿನಲ್ಲಿ ಮೂವತ್ತಾರು ವರ್ಷ ಚರಿತ್ರೆ ಕಲಿಸಿ ನಿವೃತ್ತರಾದವರು, ಎಪ್ಪತ್ತನಾಲ್ಕು ವರ್ಷ. ಗುರುಗ್ರಾಮದಲ್ಲಿರುವ ಮಗ ಟಿಕೆಟ್ ತೆಗೆದು ಹತ್ತಿಸಿದ್ದ. ವಿಮಾನದಲ್ಲಿ ನನ್ನ ಪಕ್ಕದ ಆಸನ ಅವರದು. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು, ಟಿಪ್ಪುವಿನ ಕಡೆ ಇದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು, ಎಂದು ಮಾತು ಆರಂಭಿಸಿದವರು ಹೀಥ್ರೂ ತಲಪುವವರೆಗೆ ನಿಲ್ಲಿಸಲಿಲ್ಲ. ಕಡೆಯಲ್ಲಿ ಕಾರ್ಯಕ್ರಮ ಪಟ್ಟಿಯನ್ನು ನನ್ನ ಕೈಗಿಟ್ಟು, “ಇದರಲ್ಲಿ ಹುಲಿ ಎಲ್ಲಿದೆ, ಸ್ವಾಮಿ?” ಎಂದರು.

ಹುಲಿ ಇರಲಿಲ್ಲ. ಮೇಣದ ಬೊಂಬೆಗಳ ಮೇಡಂ ಟುಸ್ಸಾಡ್ಸ್‌ಗೆ ಎರಡು ಗಂಟೆ ಇತ್ತು. ಆಕ್ಸ್‌ಫರ್ಡ್ ಸ್ಟ್ರೀಟಿನ ಅಂಗಡಿಗಳಿಗೆ ನಾಲ್ಕು ಗಂಟೆ ಇತ್ತು. ವಸ್ತುಸಂಗ್ರಹಾಲಯ ಒಂದೂ ಇರಲಿಲ್ಲ. ಟೂರ್ ಮ್ಯಾನೇಜರನನ್ನು ನಾನು ದೂರುವುದಿಲ್ಲ. ಪುಣೆಯ ಕಡೆಯ ಆ ಹುಡುಗ, ನಲವತ್ತನಾಲ್ಕು ಜನರ ಪಾಸ್‌ಪೋರ್ಟು, ಸಕ್ಕರೆ ಕಾಯಿಲೆ, ಜೈನ ಊಟ, ಮೊಸರನ್ನದ ಹಂಬಲ ಎಲ್ಲವನ್ನೂ ನಗುನಗುತ್ತಾ ಹೊತ್ತವನು. ಜನ ಏನು ಕೇಳುತ್ತಾರೋ ಅದು ಪಟ್ಟಿಯಲ್ಲಿರುತ್ತದೆ ಎಂದು ಅವನೇ ಹೇಳಿದ. ಅದು ನಿಜ.

ಮೊದಲ ದಿನ ಬಸ್ಸಿನಲ್ಲಿ ನಗರದರ್ಶನ. ಬಕಿಂಗ್‌ಹ್ಯಾಮ್ ಅರಮನೆಯ ಮುಂದೆ ಹತ್ತು ನಿಮಿಷ, ಟ್ರಫಾಲ್ಗರ್ ಚೌಕದಲ್ಲಿ ಹತ್ತು ನಿಮಿಷ, ಉಳಿದದ್ದೆಲ್ಲ ಕಿಟಕಿಯ ಗಾಜಿನಾಚೆ. ವೈಟ್‌ಹಾಲ್ ಬೀದಿಯ ನಡುವೆ ಬಿಳಿಯ ಕಲ್ಲಿನ ಸ್ಮಾರಕವೊಂದು ಸರಿದುಹೋಯಿತು. ಸೆನೊಟಾಫ್, ಮೊದಲನೆಯ ಮಹಾಯುದ್ಧದಲ್ಲಿ ಮಡಿದವರಿಗಾಗಿ 1920ರಲ್ಲಿ ನಿಲ್ಲಿಸಿದ್ದು, ರೂಪಿಸಿದವನು ಎಡ್ವಿನ್ ಲಟ್ಯೆನ್ಸ್ ಎಂದು ಧ್ವನಿವರ್ಧಕ ಹೇಳಿತು. ಬಸ್ಸಿನಲ್ಲಿದ್ದ ದೆಹಲಿಯವರೆಲ್ಲ ಒಮ್ಮೆಲೇ ತಲೆಯೆತ್ತಿದರು. ನಮ್ಮ ಇಂಡಿಯಾ ಗೇಟಿನ ಲಟ್ಯೆನ್ಸ್! ಅಪರಿಚಿತ ಊರಿನಲ್ಲಿ ನೆಂಟರೊಬ್ಬರು ಸಿಕ್ಕಂತಾಯಿತು. ಮುಂದೆ ಸ್ಟ್ರಾಂಡ್ ದಾಟಿ ಆಲ್ಡ್‌ವಿಚ್‌ಗೆ ಬಂದಾಗ ನಮ್ಮ ಹೈಕಮಿಷನ್ ಇರುವ ಇಂಡಿಯಾ ಹೌಸ್ ಕಂಡಿತು. 1930ರಲ್ಲಿ ಉದ್ಘಾಟನೆಯಾದ ಕಟ್ಟಡ, ವಿನ್ಯಾಸ ಹರ್ಬರ್ಟ್ ಬೇಕರನದು. ರೈಸಿನಾ ಬೆಟ್ಟದ ಮೇಲಿನ ನಾರ್ತ್ ಬ್ಲಾಕ್, ಸೌತ್ ಬ್ಲಾಕ್‌ಗಳನ್ನು ಕಟ್ಟಿದವನೂ ಅವನೇ. ನನ್ನ ಸೇವೆಯ ಬಹುಭಾಗ ಅವನ ಎತ್ತರದ ಛಾವಣಿಗಳ ಕೆಳಗೆ, ಮಂಗಗಳ ಹಾವಳಿಯ ನಡುವೆ, ಕಳೆದಿದೆ. ನಾರ್ತ್ ಬ್ಲಾಕಿನ ಕಮಾನಿನ ಮೇಲೆ, ಆಳಿಸಿಕೊಳ್ಳುವವರಿಗೆ ಸ್ವಾತಂತ್ರ್ಯದ ಅರ್ಹತೆಯ ಬಗ್ಗೆ ಆಳುವವರು ಮಾಡಿದ ಉಪದೇಶವೊಂದನ್ನು ಇಂಗ್ಲಿಷಿನಲ್ಲಿ ಕೆತ್ತಲಾಗಿದೆ. ಅದರ ಕೆಳಗೆ ಎಷ್ಟೋ ವರ್ಷ ಓಡಾಡಿದ ನಾನು ಅದನ್ನು ಪೂರ್ತಿಯಾಗಿ ಓದಿದ್ದು ಲಂಡನ್ನಿನಿಂದ ಹಿಂದಿರುಗಿದ ಮೇಲೆ.

ಬಸ್ಸು ಇನ್ನೂ ಸ್ವಲ್ಪ ಮುಂದೆ ಹೋಯಿತು. ಬ್ಯಾಂಕ್ ಆಫ್ ಇಂಗ್ಲೆಂಡ್. 1925ರಿಂದ 1939ರವರೆಗೆ ಅದನ್ನು ಮರುನಿರ್ಮಿಸಿದ ವಾಸ್ತುಶಿಲ್ಪಿ ಯಾರೆಂದುಕೊಂಡಿರಿ? ಮತ್ತೆ ಅದೇ ಬೇಕರ್. ಇಲ್ಲಿ ನನ್ನದೊಂದು ಸ್ವಂತ ಲೆಕ್ಕವಿದೆ, ಮನ್ನಿಸಬೇಕು. ನಾನು ಹುಟ್ಟಿದ್ದು ಬಂಗಾರಪೇಟೆ ತಾಲ್ಲೂಕಿನಲ್ಲಿ. ನನ್ನ ತಾತ ಚಾಂಪಿಯನ್ ರೀಫ್ ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಕೋಲಾರದ ಗಣಿಗಳ ಆಡಳಿತವನ್ನು 1880ರಿಂದ ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆ. ಶಿವನಸಮುದ್ರದಲ್ಲಿ ವಿದ್ಯುತ್ತು ಉತ್ಪಾದನೆಯಾದದ್ದು 1902ರಲ್ಲಿ; ಅದು ಮೊದಲು ಹರಿದದ್ದು ಆ ಗಣಿಗಳಿಗೆ, ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ತೆಗೆದ ಚಿನ್ನ ಹಡಗು ಹತ್ತಿ ಈ ಊರಿಗೆ ಬರುತ್ತಿತ್ತು. 2001ರಲ್ಲಿ ಗಣಿ ಮುಚ್ಚಿತು. ನಮ್ಮ ಕಡೆಗೆ ಉಳಿದದ್ದು ಸಯನೈಡ್ ಮಣ್ಣಿನ ದಿಬ್ಬಗಳು. ಬಸ್ಸಿನ ಕಿಟಕಿಯಿಂದ ಆ ಕಿಟಕಿಯಿಲ್ಲದ ಎತ್ತರದ ಗೋಡೆಯನ್ನು ನೋಡುತ್ತಾ ತಾತನ ಕೆಮ್ಮು ನೆನಪಾಯಿತು. ಅವರು ಗಣಿಯೊಳಕ್ಕೆ ಇಳಿದವರಲ್ಲ. ಆದರೂ ಆ ಊರಿನಲ್ಲಿ ಎಲ್ಲರೂ ಕೆಮ್ಮುತ್ತಿದ್ದರು. “ಇಲ್ಲಿ ಇಳಿಯುವುದಿಲ್ಲ” ಎಂದಿತು ಧ್ವನಿವರ್ಧಕ.

ಮಧ್ಯಾಹ್ನ ಲಂಡನ್ ಗೋಪುರ. ಅದರ ಒಡವೆಮನೆಯನ್ನು ಹೊಸದಾಗಿ ಜೋಡಿಸಿ, ಅರಸ ಮೂರನೆಯ ಚಾರ್ಲ್ಸ್‌ನ ಪಟ್ಟಾಭಿಷೇಕವಾದ ಕೆಲವೇ ದಿನಗಳಲ್ಲಿ, ಮೇ 26ರಂದು ತೆರೆದಿದ್ದರು. ಕೊಹಿನೂರ್ ಇರುವುದು ರಾಣಿ ಎಲಿಜಬೆತಳ ತಾಯಿಯ ಕಿರೀಟದಲ್ಲಿ. ಪಟ್ಟಾಭಿಷೇಕದಲ್ಲಿ ರಾಣಿ ಕ್ಯಾಮಿಲ್ಲಾ ಅದನ್ನು ಧರಿಸಲಿಲ್ಲ. ವಜ್ರವನ್ನು ದಿಗ್ವಿಜಯದ ಸಂಕೇತವೆಂದೇ ಹೊಸ ಪ್ರದರ್ಶನದಲ್ಲಿ ಒಪ್ಪಿಕೊಂಡಿದ್ದಾರೆ. ಅಷ್ಟರ ಮಟ್ಟಿಗೆ ಕಾಲ ಬದಲಾಗಿದೆ. ಆದರೆ ಕಿರೀಟಗಳ ಮುಂದೆ ನಿಲ್ಲುವಂತಿಲ್ಲ. ವಿಮಾನ ನಿಲ್ದಾಣಗಳಲ್ಲಿ ಇರುವಂಥ ಚಲಿಸುವ ನೆಲ ನಮ್ಮನ್ನು ಹೊತ್ತು ಸಾಗುತ್ತದೆ. 1739ರಲ್ಲಿ ನಾದಿರ್ ಶಾ ದೆಹಲಿಯಿಂದ ಒಯ್ದದ್ದು, 1849ರಲ್ಲಿ ಹತ್ತು ವರ್ಷದ ಬಾಲಕ ದುಲೀಪ್ ಸಿಂಗನಿಂದ ಕಂಪನಿ ಸರ್ಕಾರ ಒಪ್ಪಂದದ ಹೆಸರಿನಲ್ಲಿ ಪಡೆದದ್ದು, ಸುಮಾರು 186 ಕ್ಯಾರೆಟ್ ತೂಗುತ್ತಿದ್ದದ್ದನ್ನು 1852ರಲ್ಲಿ ಸಾಣೆ ಹಿಡಿದು 106ಕ್ಕೆ ಇಳಿಸಿದ್ದು. ಇಷ್ಟನ್ನು ನಾನು ಪತ್ನಿಗೆ ಹೇಳಿ ಮುಗಿಸುವಷ್ಟರಲ್ಲಿ ನೆಲ ನಮ್ಮನ್ನು ಆಚೆಗೆ ಇಳಿಸಿತ್ತು. “ಯಾವುದದು?” ಎಂದಳು ಅವಳು. ಮತ್ತೆ ಹಿಂದಿನಿಂದ ಹೋಗಿ ಇನ್ನೊಮ್ಮೆ ಸಾಗಿದೆವು. ಪಂಜಾಬಿ ಕುಟುಂಬವೊಂದು ನಾಲ್ಕನೆಯ ಸಲ ಸಾಗುತ್ತಿತ್ತು, ಅಜ್ಜಿ ಕೈಮುಗಿದಿದ್ದರು.

ಎರಡನೆಯ ದಿನ ಬೆಳಗ್ಗೆ ಲಂಡನ್ ಐ ಎಂಬ 135 ಮೀಟರ್ ಎತ್ತರದ ಚಕ್ರ. ಜಾತ್ರೆಯ ತೊಟ್ಟಿಲೇ, ಸ್ವಲ್ಪ ನಿಧಾನ, ಬಹಳ ದುಬಾರಿ. ಸರದಿಯ ಸಾಲು ಉದ್ದವಾಗಿತ್ತು. ಕನ್ನಡಿಗರಲ್ಲಿ ಐವರು ಚಕ್ರದ ಆಸೆ ಬಿಟ್ಟು, ಟೂರ್ ಮ್ಯಾನೇಜರನಿಗೆ ಹೇಳಿ, ನದಿಯ ದಂಡೆಯಲ್ಲಿ ದಕ್ಷಿಣಕ್ಕೆ ನಡೆದೆವು. ಉದ್ದೇಶ ಬಸವಣ್ಣನವರ ಪ್ರತಿಮೆ. ಥೇಮ್ಸ್ ನದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಆಚೆ ದಡದಲ್ಲಿ ಪಾರ್ಲಿಮೆಂಟ್ ಕಾಣುವಂಥ ಸ್ಥಳದಲ್ಲಿ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ್ದು. ಲ್ಯಾಂಬೆತ್ ಪ್ರದೇಶದ ಮೇಯರ್ ಆಗಿದ್ದ, ಕಲಬುರಗಿಯ ಕಡೆಯ ನೀರಜ್ ಪಾಟೀಲರ ಬಹು ವರ್ಷಗಳ ಪ್ರಯತ್ನದ ಫಲ. ಲಂಡನ್ನಿನ ಸಾರ್ವಜನಿಕ ಸ್ಥಳಗಳಲ್ಲಿ ಪ್ರತಿಮೆ ನಿಲ್ಲಿಸುವುದಕ್ಕೆ 1854ರಷ್ಟು ಹಳೆಯ ಕಾಯಿದೆಯೊಂದಿದೆ. ಅದರ ಅನುಮತಿ ಪಡೆಯಲು ಎಷ್ಟು ಕಡತ ಓಡಾಡಿರಬೇಕೆಂಬುದು ನನ್ನ ವೃತ್ತಿಯವರಿಗೆ ಮಾತ್ರ ಊಹೆಗೆ ನಿಲುಕುವ ಸಂಗತಿ.

ಆದರೆ ಪ್ರತಿಮೆಯನ್ನು ತಲಪುವ ಮುನ್ನ ನಮ್ಮನ್ನು ತಡೆದು ನಿಲ್ಲಿಸಿದ್ದು ಬೇರೊಂದು. ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಲ್ಯಾಂಬೆತ್ ಸೇತುವೆಯ ಕಡೆಗೆ ಸುಮಾರು ಅರ್ಧ ಕಿಲೋಮೀಟರ್ ಉದ್ದದ ಆಳೆತ್ತರದ ಗೋಡೆ, ಅದರ ಮೇಲೆ ಸಾಲುಸಾಲಾಗಿ ಕೈಯಿಂದ ಬರೆದ ಕೆಂಪು ಹೃದಯಗಳು. ಕೋವಿಡ್‌ನಿಂದ ಸತ್ತ ಒಬ್ಬೊಬ್ಬರಿಗೆ ಒಂದೊಂದು. 2021ರ ಮಾರ್ಚ್ ಕೊನೆಯಲ್ಲಿ ಆಪ್ತರನ್ನು ಕಳೆದುಕೊಂಡವರೇ ಬಂದು ಬಿಡಿಸಲು ಆರಂಭಿಸಿದ್ದು. ಮೊದಲ ಹಂತದಲ್ಲಿಯೇ ಒಂದೂವರೆ ಲಕ್ಷ. ಅಮ್ಮ, ಅಜ್ಜ, ಗಂಡ ಎಂದು ಒಳಗೆ ಹೆಸರುಗಳು. ಬಿಸಿಲು ಮಳೆಗೆ ಬಣ್ಣ ಮಾಸಿದಂತೆ ಸ್ವಯಂಸೇವಕರು ಮತ್ತೆ ಹಚ್ಚುತ್ತಾರೆ. ನದಿಯಾಚೆ ನೇರ ಎದುರಿಗೆ ಪಾರ್ಲಿಮೆಂಟ್. ಅಲ್ಲಿ ಕುಳಿತವರ ಕಣ್ಣಿಗೆ ಬೀಳಲೆಂದೇ ಆ ಗೋಡೆ.

ಬಂಧುಗಳೇ, ಅದೇ 2021ರ ಏಪ್ರಿಲ್, ಮೇ ತಿಂಗಳುಗಳನ್ನು ಈ ಸಭೆಯಲ್ಲಿ ನಾನು ವಿವರಿಸಬೇಕಾಗಿಲ್ಲ. ಈ ಸಭಾಂಗಣದ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು ಕೆಲವರು ಇಂದು ಇಲ್ಲ. 1993ರಲ್ಲಿ ನಾನು ಈ ಊರಿಗೆ ಬಂದಾಗ ನಿಲ್ದಾಣಕ್ಕೆ ಬಂದು ಕರೆದೊಯ್ದು, ಒಂದೂವರೆ ತಿಂಗಳು ತಮ್ಮ ಸರೋಜಿನಿ ನಗರದ ಎರಡು ಕೋಣೆಯ ಮನೆಯಲ್ಲಿಟ್ಟುಕೊಂಡು, ಯಾವ ಬಸ್ಸು ಎಲ್ಲಿಗೆ, ಯಾವ ಅಂಗಡಿಯಲ್ಲಿ ಸೋನಾ ಮಸೂರಿ ಎಂದು ಕಲಿಸಿದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ಅವರನ್ನು ನಿಗಮಬೋಧ್ ಘಾಟಿಗೆ ಕೊಂಡೊಯ್ದ ದಿನ, ಮಗ ಅಮೆರಿಕದಲ್ಲಿ ಸಿಕ್ಕಿಬಿದ್ದಿದ್ದರಿಂದ, ನಾನೂ ಆಂಬುಲೆನ್ಸಿನ ಚಾಲಕನೂ ಇಬ್ಬರೇ. ಅವರ ಹೆಸರನ್ನು ಬರೆಯಲು ನಮ್ಮ ರಾಜಧಾನಿಯಲ್ಲಿ ಒಂದು ಗೋಡೆಯಿಲ್ಲ ಎಂಬುದು ಥೇಮ್ಸ್ ದಂಡೆಯಲ್ಲಿ ನಿಂತಾಗ ನನಗೆ ಮೊದಲ ಬಾರಿಗೆ ಹೊಳೆಯಿತು. ಮೇಷ್ಟ್ರು ಏನೂ ಮಾತನಾಡಲಿಲ್ಲ. ಅವರ ಪತ್ನಿ ಹೋದದ್ದೂ ಆ ವರ್ಷವೇ ಎಂದು ನನಗೆ ತಿಳಿದದ್ದು ರಾತ್ರಿ ಊಟದ ಹೊತ್ತಿನಲ್ಲಿ.

ಬಸವಣ್ಣನವರ ಮುಂದೆ ಹೂವಿಡೋಣವೆಂದರೆ ಹೂವಿರಲಿಲ್ಲ. ಧಾರವಾಡದ ಹುಡುಗಿ ಚೀಲದಿಂದ ಒಂದು ಸೇಬನ್ನು ತೆಗೆದಿಟ್ಟಳು. ಜಾಗಿಂಗ್ ಮಾಡುತ್ತಿದ್ದ ಬಿಳಿಯನೊಬ್ಬ ನಿಂತು ಇವರು ಯಾರು ಎಂದು ಕೇಳಿದಾಗ, ಅವಳು ಇಂಗ್ಲಿಷಿನಲ್ಲಿ ಐದು ನಿಮಿಷ ಅನುಭವ ಮಂಟಪದ ವಿಷಯ ಹೇಳಿದ್ದನ್ನು ಕೇಳಿ ನನಗೆ ಅಭಿಮಾನವೂ, ನಾನಾಗಿದ್ದರೆ ಹೇಳುತ್ತಿದ್ದೆನೇ ಎಂಬ ಸಂಶಯವೂ ಒಟ್ಟಿಗೆ ಬಂದವು. ನಮ್ಮ ಸಂಸತ್ತಿನ ಆವರಣದಲ್ಲೂ 2003ರಲ್ಲಿ ಬಸವಣ್ಣನವರ ಪ್ರತಿಮೆ ನಿಂತಿತು. ಅದರ ಮುಂದೆ ಹೀಗೆ ನಿಂತು ಮಾತನಾಡಿದ ನೆನಪು ನನಗಿಲ್ಲ.

ಮೂರನೆಯ ದಿನದ ಕಥೆಗೆ ಬರುತ್ತೇನೆ. ಬೆಳಗ್ಗೆ ಹತ್ತಕ್ಕೆ ಬಸ್ಸು ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಇಳಿಸಿತು. ಎರಡು ಗಂಟೆಗೆ ಅಲ್ಲಿಯೇ ಹತ್ತಬೇಕು, ಸಂಜೆ ಪ್ಯಾರಿಸಿಗೆ ರೈಲು. ಮೇಷ್ಟ್ರು ನನ್ನ ತೋಳು ಹಿಡಿದರು. “ಇಷ್ಟು ದೂರ ಬಂದು ಹುಲಿ ನೋಡದೆ ಹೋದರೆ ನಮ್ಮೂರಿನವರಿಗೆ ಏನು ಹೇಳಲಿ, ಸ್ವಾಮಿ?” ಪತ್ನಿ ನನ್ನನ್ನು ಅಂಗಡಿಗಳಿಂದ ಬಿಡುಗಡೆ ಮಾಡಿದಳು, ಅದರಲ್ಲಿ ಅವಳಿಗೂ ಬಿಡುಗಡೆಯಿತ್ತು. ಹೊರಡುವಾಗ ಕೊಡಗಿನ ಆ ತಾಯಿಯೂ, “ನಾನೂ ಬರುತ್ತೇನೆ. ಆದರೆ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಒಳ್ಳೆಯ ಮಾತಿನಲ್ಲಿ ಹೇಳುವುದಿಲ್ಲ, ಅದು ನಿಮಗೆ ತಿಳಿದಿರಲಿ” ಎಂದರು. ಮೇಷ್ಟ್ರು, “ತಿಳಿದಿದೆಯಮ್ಮಾ, ಬನ್ನಿ” ಎಂದರು.

ನೆಲದಡಿಯ ರೈಲಿನಲ್ಲಿ ಒಂದು ನಿಲ್ದಾಣದಷ್ಟು ದೂರ ಬೇಕರ್‌ಲೂ ಎಂಬ ಮಾರ್ಗದಲ್ಲಿ ಹೋಗಬೇಕು. ಹೆಸರು ಓದಿ ನನಗೆ ನಗು ತಡೆಯಲಾಗಲಿಲ್ಲ. ರೈಸಿನಾ ಬೆಟ್ಟದ ಏರು ಎಷ್ಟು ಕಡಿದಾಗಿರಬೇಕೆಂಬ ವಿಷಯದಲ್ಲಿ ಬೇಕರನೊಡನೆ ಜಗಳವಾಡಿ ಸೋತ ಲಟ್ಯೆನ್ಸ್, ನೆಪೋಲಿಯನ್ನನ ವಾಟರ್ಲೂವನ್ನೂ ಈ ರೈಲಿನ ಹೆಸರನ್ನೂ ಕೂಡಿಸಿ, ತನಗೆ ಬೇಕರ್‌ಲೂ ಆಯಿತೆಂದು ಕೊರಗಿದನಂತೆ. ಇಂದಿಗೂ ವಿಜಯ ಚೌಕದಲ್ಲಿ ನಿಂತು ನೋಡಿದರೆ ರಾಷ್ಟ್ರಪತಿ ಭವನ ಅರ್ಧ ಮುಳುಗಿ ಗುಮ್ಮಟ ಮಾತ್ರ ಕಾಣುವುದಕ್ಕೆ ಆ ಏರೇ ಕಾರಣ. ಪಿಕಡಿಲಿಯಲ್ಲಿ ರೈಲು ಬದಲಿಸಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಇಳಿದು, ಸುರಂಗದ ಹಾದಿಯಲ್ಲಿ ನಡೆದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಿದೆವು. ಪ್ರವೇಶ ಉಚಿತ. ಮೇಷ್ಟ್ರಿಗೆ ಇದು ಅನುಮಾನ ಹುಟ್ಟಿಸಿತು.

ಹುಲಿ ಗಾಜಿನ ಪೆಟ್ಟಿಗೆಯಲ್ಲಿತ್ತು. ಬಣ್ಣ ಬಳಿದ ಮರದ್ದು, ಹೆಚ್ಚುಕಡಿಮೆ ಆರಡಿ ಉದ್ದ. ಅಂಗಾತ ಬಿದ್ದಿರುವ ಕೆಂಪು ಕೋಟಿನ ಐರೋಪ್ಯನ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದ ಹಿಡಿ ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದಿ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ, ಅವನ ಎಡಗೈ ಮೇಲೆ ಕೆಳಗೆ ಆಡುತ್ತದೆ. ಹುಲಿಯ ಹೊಟ್ಟೆಯೊಳಗೆ ಹದಿನೆಂಟು ಕೀಲಿಗಳ ಆರ್ಗನ್ ವಾದ್ಯವೂ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕಿದ್ದು. 1808ರಿಂದ ಕಂಪನಿಯ ಲೆಡನ್‌ಹಾಲ್ ಬೀದಿಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಪಕ್ಕದ ವಾಚನಾಲಯದಲ್ಲಿ ಓದುವವರಿಗೆ ನೆಮ್ಮದಿಯಿಲ್ಲದಂತೆ ಮಾಡುತ್ತಿದ್ದರಂತೆ. ಎರಡನೆಯ ಮಹಾಯುದ್ಧದಲ್ಲಿ ಛಾವಣಿ ಕುಸಿದು ಮೇಲೆ ಬಿದ್ದು ಒಡೆದದ್ದನ್ನು ಮತ್ತೆ ಜೋಡಿಸಿದ್ದಾರೆ. ಸಿಂಹಾಸನದ ಗತಿ ಇದಕ್ಕಿಂತ ಕಷ್ಟದ್ದು. ಕೊಳ್ಳೆ ಹಂಚಲು ನೇಮಿಸಿದ್ದ ಅಧಿಕಾರಿಗಳು ಅದನ್ನು ತುಂಡು ತುಂಡಾಗಿ ಕತ್ತರಿಸಿದರು. ಚಿನ್ನದ ಹುಲಿಮುಖವೂ ಹುಮಾ ಪಕ್ಷಿಯೂ ಅರಸರ ಸಂಗ್ರಹದಲ್ಲಿ ವಿಂಡ್ಸರ್‌ನಲ್ಲಿವೆ, ಅಂಚಿನ ಸಣ್ಣ ಹುಲಿತಲೆಯೊಂದು ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ. ನಾವು ಹೋಗುವ ಕೆಲವೇ ವಾರಗಳ ಹಿಂದೆ, ಮೇ 23ರಂದು, ಟಿಪ್ಪುವಿನ ಶಯನಾಗಾರದ ಖಡ್ಗ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ, ಎಂದರೆ ನಮ್ಮ 140 ಕೋಟಿ ರೂಪಾಯಿಗೂ ಮೀರಿದ ಬೆಲೆಗೆ ಹೋಗಿತ್ತು.

ಶಾಲೆಯ ಮಕ್ಕಳ ಗುಂಪೊಂದು ಹುಲಿಯ ಸುತ್ತ ನೆಲದ ಮೇಲೆ ಕುಳಿತು ಚಿತ್ರ ಬಿಡಿಸುತ್ತಿತ್ತು; ಎಲ್ಲ ಬಣ್ಣದ ಮಕ್ಕಳು. ಮೇಷ್ಟ್ರು ಮೊದಲು ನೋಡಿದ್ದು ಹುಲಿಯನ್ನಲ್ಲ, ಆ ಮಕ್ಕಳ ಪುಸ್ತಕಗಳನ್ನು. ಬಗ್ಗಿ ಒಂದೊಂದೇ ನೋಡುತ್ತಾ ಹೋದರು. ಆಮೇಲೆ ಹುಲಿಯ ಮುಂದೆ ನಿಂತು ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ಪಠ್ಯಪುಸ್ತಕದಲ್ಲಿ ಇದರ ಚಿತ್ರ ಹೆಬ್ಬೆರಳಿನಷ್ಟಿತ್ತು. ಮೂವತ್ತಾರು ವರ್ಷ ನಾನು ಮಕ್ಕಳಿಗೆ ಇದನ್ನು ಆಟದ ಸಾಮಾನು ಎಂದು ಹೇಳಿದೆ. ಬೊಗಸೆಯಲ್ಲಿ ಹಿಡಿಯುವಷ್ಟಿರಬಹುದು ಎಂದುಕೊಂಡಿದ್ದೆ. ಸುಳ್ಳು ಹೇಳಿದಂತಾಯಿತಲ್ಲ” ಎಂದರು. ಶ್ರೀರಂಗಪಟ್ಟಣಕ್ಕೆ ಹತ್ತಿರದ ಶಾಲೆಯ ಮೇಷ್ಟ್ರಿಗೆ ಅದರ ಅಳತೆ ತಿಳಿಯಲು ವೀಸಾ ಬೇಕಾಯಿತು.

ಕೊಡಗಿನ ತಾಯಿ ಹುಲಿಯನ್ನು ಒಂದು ಸುತ್ತು ಬಂದು, “ಕೆಳಗೆ ಬಿದ್ದವನ ಮುಖ ನೋಡಿ. ನಮ್ಮ ಕಡೆಯ ಹಾಡುಗಳಲ್ಲಿ ಬರುವವರೂ ಹೀಗೆಯೇ ಬಿದ್ದವರು” ಎಂದರು. ಮೇಷ್ಟ್ರು ವಾದಿಸಲಿಲ್ಲ. ನಾನು, ಇದು ಕರ್ನಾಟಕಕ್ಕೆ ಹಿಂದಿರುಗಬೇಕಾದ ವಸ್ತು ಎಂದು ಕಚೇರಿಯ ಭಾಷೆಯಲ್ಲಿ ಏನೋ ಹೇಳಹೊರಟೆ. “ಬಂದರೆ ಮತ್ತೆ ಜಗಳವೇ” ಎಂದರು ಆಕೆ. ಸುಳ್ಳಲ್ಲ. 2015ರಲ್ಲಿ ಒಂದು ಸರ್ಕಾರ ಟಿಪ್ಪು ಜಯಂತಿಯನ್ನು ಆರಂಭಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ರದ್ದುಮಾಡಿತು. ಈ ನಡುವೆ ಮಡಿಕೇರಿಯಲ್ಲಿ ಪ್ರಾಣಹಾನಿಯೂ ಆಯಿತು. ಆದರೂ ನನ್ನ ಅಭಿಪ್ರಾಯವನ್ನು ಈ ವೇದಿಕೆಯಿಂದ ಹೇಳಿಯೇಬಿಡುತ್ತೇನೆ. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ತೀರ್ಮಾನಕ್ಕೂ ಈ ಮರದ ಹುಲಿಯನ್ನು ನಮ್ಮ ಮಕ್ಕಳು ನೋಡಬೇಕೇ ಎಂಬ ಪ್ರಶ್ನೆಗೂ ಸಂಬಂಧವಿಲ್ಲ. ಜಗಳವಾಡುವ ಹಕ್ಕೂ ನಮ್ಮದೇ, ವಸ್ತುವನ್ನು ಎದುರಿಗಿಟ್ಟುಕೊಂಡು ಆಡೋಣ. 1983ರ ಅವರ ಕಾಯಿದೆಯಂತೆ ಆ ಮ್ಯೂಸಿಯಂ ತನ್ನ ವಸ್ತುಗಳನ್ನು ಶಾಶ್ವತವಾಗಿ ಕೊಟ್ಟುಬಿಡುವಂತಿಲ್ಲ. ಆದರೆ ಎರವಲು ಕೊಡಬಹುದು. ಆಫ್ರಿಕದ ಘಾನಾದಿಂದ ಕೊಳ್ಳೆಹೊಡೆದಿದ್ದ ಅಸಾಂತೆ ಅರಸರ ಚಿನ್ನದ ವಸ್ತುಗಳನ್ನು, ಇದೇ ಮ್ಯೂಸಿಯಂ ಬ್ರಿಟಿಷ್ ಮ್ಯೂಸಿಯಂನೊಡಗೂಡಿ, ಒಟ್ಟು 32 ವಸ್ತುಗಳನ್ನು, 2024ರಲ್ಲಿ ಎರವಲಾಗಿ ಕಳುಹಿಸಿತು; ಕುಮಾಸಿಯ ಅರಮನೆಯ ಮ್ಯೂಸಿಯಂನಲ್ಲಿ ಅವನ್ನು ನೋಡಲು ಜನ ಸಾಲುಗಟ್ಟಿದರು. ತನ್ನದನ್ನೇ ಎರವಲು ಪಡೆಯುವುದು ಅವಮಾನವೆಂದು ಅಲ್ಲಿಯೂ ಹಲವರು ಹೇಳಿದರು. ಅವಮಾನವೇ ಸರಿ. ಆದರೂ ನಾನು ಪಾಂಡವಪುರದ ಮಕ್ಕಳ ಪರವಾಗಿ ಆ ಅರ್ಜಿಯನ್ನು ಬರೆಯುತ್ತೇನೆ. ಬೆಂಗಳೂರಿನ ಸರ್ಕಾರವಾಗಲಿ ದೆಹಲಿಯ ಸರ್ಕಾರವಾಗಲಿ ಕೇಳಬಹುದಾದ ಪ್ರಶ್ನೆ ಇದು, ನಮ್ಮಂಥ ಸಂಘಗಳು ಠರಾವು ಮಾಡಿ ಕಳುಹಿಸಬಹುದಾದ ವಿಷಯ ಇದು. ಕಾರ್ಯಕಾರಿ ಸಮಿತಿ ದಯವಿಟ್ಟು ಗಮನಿಸಬೇಕು.

ಹೀಗೆ ಮಾತಾಡುತ್ತಾ ಗಡಿಯಾರ ನೋಡಲು ಮರೆತೆವು. ಹಿಂದಿರುಗುವಾಗ ರೈಲು ತಪ್ಪಾದ ದಿಕ್ಕಿನಲ್ಲಿ ಹತ್ತಿದ್ದು ನಾನೇ. ಬಸ್ಸಿನ ಬಳಿ ಬಂದಾಗ ಎರಡೂ ಮುಕ್ಕಾಲು. ನಲವತ್ತೊಂದು ಜನ ಕಿಟಕಿಗಳಿಂದ ನಮ್ಮನ್ನೇ ನೋಡುತ್ತಿದ್ದರು. ಟೂರ್ ಮ್ಯಾನೇಜರ್ ಮೊದಲ ಬಾರಿಗೆ ನಗಲಿಲ್ಲ, ನ್ಯಾಯವಾಗಿ ಬೈದ. ಹಿಂದಿನ ಸೀಟಿನಿಂದ ಯಾರೋ ಹಿಂದಿಯಲ್ಲಿ, “ಏನು ಕೊಂಡುತಂದಿರಿ?” ಎಂದು ಕೇಳಿದರು. ಏನೂ ಇಲ್ಲವೆಂದಾಗ ಅವರಿಗೆ ಇನ್ನೂ ಸಿಟ್ಟು ಬಂತು. ರೈಲು ಸಿಕ್ಕಿತು, ಪ್ಯಾರಿಸನ್ನೂ ನೋಡಿದೆವು. ಅದರ ವಿಷಯ ಇಲ್ಲಿ ಬೇಡ.

ನಾಚಿಕೆಯ ಮಾತು ಬಾಕಿಯಿದೆ. ಊರಿನಿಂದ ನೆಂಟರು ಬಂದಾಗ ನಾವು ದೆಹಲಿಯನ್ನು ಹೇಗೆ ತೋರಿಸುತ್ತೇವೆ? ಕುತುಬ್ ಮಿನಾರ್ ಅರ್ಧ ಗಂಟೆ, ಕೆಂಪುಕೋಟೆ ಹೊರಗಿನಿಂದ, ಇಂಡಿಯಾ ಗೇಟಿನ ಮುಂದೆ ಫೋಟೋ, ಅಕ್ಷರಧಾಮ, ಕರೋಲ್‌ಬಾಗಿನಲ್ಲಿ ನಾಲ್ಕು ಗಂಟೆ, ಮರುದಿನ ಆಗ್ರಾ. ಆ ಪುಣೆಯ ಹುಡುಗನ ಪಟ್ಟಿಗೂ ನನ್ನ ಪಟ್ಟಿಗೂ ಏನು ವ್ಯತ್ಯಾಸ? ಮೂವತ್ತು ವರ್ಷಗಳಿಂದ ನಾನೂ ಈ ರಾಜಧಾನಿಯಲ್ಲಿ ಗುಂಪು ಪ್ರವಾಸದಲ್ಲಿಯೇ ಇದ್ದೇನೆ. ಬಸ್ಸು ಕಚೇರಿಯದು, ಅಷ್ಟೆ. 1911ರ ಡಿಸೆಂಬರ್ 12ರಂದು ಐದನೆಯ ಜಾರ್ಜ್ ದೆಹಲಿಯನ್ನು ರಾಜಧಾನಿಯೆಂದು ಸಾರಿದ ಬುರಾಡಿಯ ಬಯಲನ್ನು ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ? ಇಂಡಿಯಾ ಗೇಟಿನ ಛತ್ರಿಯ ಕೆಳಗಿದ್ದ ಅವನ ಪ್ರತಿಮೆಯನ್ನು 1968ರಲ್ಲಿ ಅಲ್ಲಿಂದ ತೆಗೆಸಲಾಯಿತು. ಈಗ ಅದು ಆ ಬಯಲಿನ ಉದ್ಯಾನದಲ್ಲಿ ವೈಸರಾಯರುಗಳ ನಡುವೆ ಒಂಟಿಯಾಗಿ ನಿಂತಿದೆ. ಛತ್ರಿಯ ಕೆಳಗೆ 2022ರಿಂದ ನೇತಾಜಿಯವರಿದ್ದಾರೆ. ಲಂಡನ್ನಿನಿಂದ ಬಂದ ಮರುವಾರ ಬುರಾಡಿಗೆ ಹೋದೆ. ಹುಡುಗರು ಕ್ರಿಕೆಟ್ ಆಡುತ್ತಿದ್ದರು, ನನ್ನನ್ನು ಪಕ್ಕಕ್ಕೆ ಸರಿಯಿರೆಂದರು.

ಇನ್ನು ಕಳೆದ ಚಳಿಗಾಲ ಮೇಷ್ಟ್ರು ಮಗನ ಮನೆಗೆ ಬಂದಿದ್ದರು. ಬರುವ ಮೊದಲೇ ಫೋನಿನಲ್ಲಿ, “ಈ ಸಲ ದೆಹಲಿಯ ಪಟ್ಟಿ ನೀವೇ ಮಾಡಿ, ಸ್ವಾಮಿ. ಅಂಗಡಿ ಬೇಡ” ಎಂದಿದ್ದರು. ಮೊದಲು ಕರೆದೊಯ್ದದ್ದು ತೀನ್‌ಮೂರ್ತಿಗೆ. ಚಾಣಕ್ಯಪುರಿಯಿಂದ ಕಚೇರಿಗೆ ಹೋಗುವವರು ನಿತ್ಯ ಸುತ್ತುವ ವೃತ್ತ. ನಡುವೆ ಸ್ತಂಭ, ಸುತ್ತ ಮೂರು ಕಂಚಿನ ಸೈನಿಕರು, ಶಿಲ್ಪಿ ಲಿಯೊನಾರ್ಡ್ ಜೆನ್ನಿಂಗ್ಸ್. ಮೊದಲ ಮಹಾಯುದ್ಧದಲ್ಲಿ ಮಡಿದ ಮೂರು ಸಂಸ್ಥಾನಗಳ ಅಶ್ವದಳಗಳ ಸ್ಮಾರಕ: ಹೈದರಾಬಾದ್, ಜೋಧಪುರ, ಮತ್ತು ಮೈಸೂರು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು, ಮೆಷಿನ್‌ಗನ್ನು ತೋಪುಗಳೆದುರು ಭರ್ಜಿ ಹಿಡಿದು ಕುದುರೆ ಓಡಿಸಿ ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. 2018ರಿಂದ ವೃತ್ತಕ್ಕೆ ತೀನ್‌ಮೂರ್ತಿ ಹೈಫಾ ಚೌಕವೆಂದು ಹೆಸರು. ನಾನು ನೆಹರೂ ಅವರ ಮನೆಯ ಗುರುತಾಗಿ ಮಾತ್ರ ಆ ಹೆಸರನ್ನು ಬಳಸಿದವನು. ಆಟೋದವನಿಗೆ ದಾರಿ ಹೇಳುವಾಗ ಸಾವಿರ ಸಲ ‘ತೀನ್‌ಮೂರ್ತಿ’ ಎಂದಿದ್ದೇನೆ. ಮೂರರಲ್ಲೊಬ್ಬ ನಮ್ಮವನೆಂದು ಒಂದು ಸಲವೂ ಎಣಿಸಲಿಲ್ಲ.

ಬೆಳಗಿನ ಮಂಜು ಇನ್ನೂ ಬಿಟ್ಟಿರಲಿಲ್ಲ. ಆಟೋ ವೃತ್ತವನ್ನು ಸುತ್ತಿ ಹೊರಡುವುದರಲ್ಲಿತ್ತು. ಮೇಷ್ಟ್ರು ಮುಂದಕ್ಕೆ ಬಾಗಿ, ಚಾಲಕನ ಹೆಗಲು ಮುಟ್ಟಿ, ಕನ್ನಡದಲ್ಲಿಯೇ, “ಇನ್ನೊಂದು ಸುತ್ತು ಹಾಕಪ್ಪ” ಎಂದರು. ಬಿಹಾರದ ಆ ಹುಡುಗನಿಗೆ ಅದು ಹೇಗೆ ಅರ್ಥವಾಯಿತೋ, ಹಾಕಿದ. ಇನ್ನೊಂದು ಎಂದರು. ಮೂರನೆಯ ಸುತ್ತಿನಲ್ಲಿ ಸಂಚಾರಿ ಪೊಲೀಸಿನವನು ಸೀಟಿ ಊದಿ ನಿಲ್ಲಿಸಿ, ಏನು ಹುಡುಕುತ್ತಿದ್ದೀರಿ ಎಂದು ಕೇಳಿದ. ಮೇಷ್ಟ್ರು ಆಟೋದಿಂದ ಇಳಿದು, ಮಫ್ಲರು ಸರಿಮಾಡಿಕೊಂಡು, ಸೈನಿಕರ ಕಡೆಗೆ ಕೈ ತೋರಿಸಿ, ತಮಗೆ ಬರುವ ಅಷ್ಟಿಷ್ಟು ಹಿಂದಿಯಲ್ಲಿ ಅವನಿಗೆ ಪಾಠ ಆರಂಭಿಸಿದರು.